ಹೊಳೆಯುವ ಸ್ಟೀಲ್ ಆಮೇಲೆ, ಹೈಡ್ರೋಮೀಟರ್ ಮೊದಲು

ಮನೆಯಲ್ಲೇ ಬಿಯರ್ ಮಾಡುವ ಹುಮ್ಮಸ್ಸು ನಮ್ಮ ಹುಡುಗರಲ್ಲಿ ಜಾಸ್ತಿಯಾಗಿದೆ. ಮೈಸೂರು, ಮಂಡ್ಯದಿಂದ ಹೋಗಿ ಆಸ್ಟ್ರೇಲಿಯಾ, ಇಂಗ್ಲೆಂಡ್, ಅಮೆರಿಕದಲ್ಲಿ ನೆಲೆಸಿದವರ ವಿಷಯ ಹೇಳುತ್ತಿದ್ದೇನೆ. ನಾನು ಬಿಯರ್ ಕಾರ್ಖಾನೆಯ ಲ್ಯಾಬ್‌ನಲ್ಲಿ ಇದ್ದು ರಿಟೈರ್ ಆದವನು. ಹಾಗಾಗಿ ವಾಟ್ಸಾಪ್‌ನಲ್ಲಿ ಪ್ರಶ್ನೆಗಳು ಬರುತ್ತಲೇ ಇರುತ್ತವೆ. ಮೊನ್ನೆ ಮೆಲ್ಬರ್ನ್‌ನಿಂದ ಸೋದರಳಿಯ ಒಂದು ಸ್ಟೀಲ್ ಫರ್ಮೆಂಟರ್‌ನ (ಬಿಯರ್ ಹುದುಗಿಸುವ ಪಾತ್ರೆ) ಫೋಟೋ ಕಳಿಸಿ, "ಮಾವ, ಇದನ್ನ ತಗೊಂಡುಬಿಡಲಾ?" ಅಂತ ಕೇಳಿದ. ಬೇಡ ಅಂದೆ. ಯಾಕೆ ಬೇಡ ಅಂತ ಎಲ್ಲರಿಗೂ ಗೊತ್ತಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಇದನ್ನು ಮಾಡುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಬಿಯರ್ ತಯಾರಿಸುವುದು ಅಪರಾಧ. ಇಂಗ್ಲೆಂಡ್‌ನಲ್ಲಿ ಮನೆ ಬಳಕೆಗೆ ಲೈಸೆನ್ಸ್ ಬೇಕಿಲ್ಲ ಅಂತ 1963ರಲ್ಲೇ ಆಯಿತು. ಅಮೆರಿಕದಲ್ಲಿ 1978ರ ಕಾನೂನು ಅದಕ್ಕೆ ದಾರಿ ಮಾಡಿತು. ನೀವಿರುವ ಊರಿನ ಕಾನೂನು ನೋಡಿಕೊಂಡು ಕೈ ಹಾಕಿ.

ಶುರುವಿಗೆ ಏನು ಬೇಕು? ಮಾಲ್ಟ್ ಎಕ್ಸ್‌ಟ್ರ್ಯಾಕ್ಟ್ (ಮೊಳಕೆ ಬಾರ್ಲಿಯಿಂದ ತೆಗೆದ ಗಟ್ಟಿ ಪಾಕ) ಡಬ್ಬದಿಂದ ಮಾಡುವುದಾದರೆ ತೀರಾ ಕಡಿಮೆ. ಆಹಾರಕ್ಕೆ ಬಳಸುವ ಪ್ಲಾಸ್ಟಿಕ್ ಬಕೆಟ್ಟು, ಅದಕ್ಕೆ ಮುಚ್ಚಳ, ಏರ್‌ಲಾಕ್ (ಒಳಗಿನ ಗ್ಯಾಸ್ ಹೊರಬಿಟ್ಟು ಹೊರಗಿನ ಗಾಳಿ ತಡೆಯುವ ಸಾಧನ), ಕೆಳಗೊಂದು ನಲ್ಲಿ. ಕಾಯಿಸಲು ಅಮ್ಮ ಇಲ್ಲಿಂದ ಕೊಟ್ಟು ಕಳಿಸಿದ ದೊಡ್ಡ ಸ್ಟೀಲ್ ಪಾತ್ರೆ ಇದ್ದರೆ ಹೊಸದು ಬೇಡ, ಎಣ್ಣೆ ಜಿಡ್ಡು ಒಂಚೂರೂ ಇರಬಾರದು ಅಷ್ಟೆ. ಯೀಸ್ಟ್‌ಗೆ ತಾನು ಸ್ಟೀಲ್‌ನಲ್ಲಿದ್ದೀನಾ ಪ್ಲಾಸ್ಟಿಕ್‌ನಲ್ಲಿದ್ದೀನಾ ಅನ್ನೋದು ಬೇಕಾಗಿಲ್ಲ. ಅದಕ್ಕೆ ಬೇಕಾದದ್ದು ಚೊಕ್ಕಟ ಮತ್ತು ಹದವಾದ ತಂಪು.

ಚೊಕ್ಕಟ ಅಂದರೆ ಎರಡು ಕೆಲಸ. ಮೊದಲು ತೊಳೆಯುವುದು, ಆಮೇಲೆ ಸ್ಯಾನಿಟೈಸ್ ಮಾಡುವುದು. ಕೊಳೆಯ ಮೇಲೆ ಸ್ಯಾನಿಟೈಸರ್ ಹುಯ್ದರೆ ಉಪಯೋಗವಿಲ್ಲ. ಬಕೆಟ್ಟನ್ನು ತಂತಿ ಜುಂಗಿನಿಂದ ಉಜ್ಜಲೇಬೇಡಿ, ಗೀರು ಬಿದ್ದ ಕಡೆ ಬ್ಯಾಕ್ಟೀರಿಯಾ ಕೂರುತ್ತದೆ. ಆ ನಲ್ಲಿಯನ್ನು ಪ್ರತಿ ಸಲವೂ ಬಿಚ್ಚಿ. ತಿರುಪಿನ ಸುತ್ತ, ರಬ್ಬರ್ ವಾಷರ್ ಹಿಂದೆ ಕಂದು ಬಣ್ಣದ ಅಂಟು ಸೇರಿಕೊಂಡಿರುತ್ತದೆ. ಎಷ್ಟೋ ಜನರ ಬಿಯರ್ ಹುಳಿ ತಿರುಗುವುದು ಅಲ್ಲಿಂದಲೇ.

ಇನ್ನು ಹೈಡ್ರೋಮೀಟರ್, ಅಂದರೆ ದ್ರವದಲ್ಲಿ ತೇಲಿಬಿಟ್ಟು ಸಕ್ಕರೆ ಎಷ್ಟಿದೆ ಅಂತ ಅಳೆಯುವ ಗಾಜಿನ ಕಡ್ಡಿ. ಕಿಟ್ ಅಂಗಡಿಯವರು ಇದನ್ನು ಕೊನೆಗೆ ತೋರಿಸುತ್ತಾರೆ, ನಾನು ಮೊದಲು ಕೊಳ್ಳಿ ಅನ್ನುತ್ತೇನೆ. ಮಂಡ್ಯದವರಿಗೆ ಇದು ಹೊಸದಲ್ಲ. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲಿನ ಬ್ರಿಕ್ಸ್ (ನೂರು ಗ್ರಾಂನಲ್ಲಿ ಎಷ್ಟು ಗ್ರಾಂ ಸಕ್ಕರೆ ಅನ್ನುವ ಅಳತೆ) ನೋಡುತ್ತಾರಲ್ವಾ, ಇಲ್ಲಿ ನೋಡುವುದೂ ಅದನ್ನೇ. 12 ಬ್ರಿಕ್ಸ್ ಅಂದರೆ ಬಿಯರ್‌ನವರ ಲೆಕ್ಕದಲ್ಲಿ, ನೀರಿನ ಸಾಂದ್ರತೆ 1 ಅಂತ ಇಟ್ಟುಕೊಂಡರೆ, ಸುಮಾರು 1.048. ಹುದುಗು ಮುಗಿದಾಗ ಅದು 1.010ಕ್ಕೆ ಇಳಿದಿದ್ದರೆ ನಿಮ್ಮ ಬಿಯರ್‌ನಲ್ಲಿ ಆಲ್ಕೋಹಾಲ್ ಹೆಚ್ಚು ಕಡಿಮೆ ಶೇಕಡ 5. ಉದ್ದನೆಯ ಜಾಡಿಗೆ ಬಿಯರ್ ಬಿಟ್ಟು, ಗಾಜಿನ ಕಡ್ಡಿಯನ್ನು ಮೆಲ್ಲಗೆ ಇಳಿಸಿ, ಬೆರಳಲ್ಲಿ ಒಮ್ಮೆ ತಿರುಗಿಸಿ. ಮೈಗೆ ಅಂಟಿದ ಗುಳ್ಳೆಗಳು ಬಿಟ್ಟುಹೋಗುತ್ತವೆ. ಗುಳ್ಳೆ ಇದ್ದರೆ ಕಡ್ಡಿ ಮೇಲೆದ್ದು ಸುಳ್ಳು ಅಂಕಿ ತೋರಿಸುತ್ತದೆ. ಆಮೇಲೆ ಬಗ್ಗಿ, ಕಣ್ಣಿನ ಮಟ್ಟದಲ್ಲಿ ಓದಿ.

ಏರ್‌ಲಾಕ್‌ನಲ್ಲಿ ಗುಳ್ಳೆ ನಿಂತಿತು, ಮುಗೀತು ಅಂತ ಬಾಟಲಿಗೆ ತುಂಬುವವರು ಬಹಳ. ಇದು ನಿಜಕ್ಕೂ ಅಪಾಯ. ಗುಳ್ಳೆ ನಿಲ್ಲುವುದಕ್ಕೆ ಮುಚ್ಚಳ ಸರಿಯಾಗಿ ಕೂರದಿದ್ದರೂ ಸಾಕು. ಬಾಟಲಿಯಲ್ಲಿ ನೊರೆ ಬರಲಿ ಅಂತ ನಾವು ಲೀಟರ್‌ಗೆ 6ರಿಂದ 8 ಗ್ರಾಂ ಸಕ್ಕರೆ ಹಾಕುತ್ತೇವೆ, ಯೀಸ್ಟ್ ಅದನ್ನು ತಿಂದು ಗ್ಯಾಸ್ ಮಾಡುತ್ತದೆ. ಹೈಡ್ರೋಮೀಟರ್‌ನಲ್ಲಿ ಇನ್ನು 0.004 ಇಳಿಯುವುದು ಬಾಕಿ ಇದ್ದರೆ ಹತ್ತಿರ ಹತ್ತಿರ ಅಷ್ಟೇ ಸಕ್ಕರೆ ಒಳಗೇ ಉಳಿದಿದೆ ಅಂತ ಅರ್ಥ. ಎರಡೂ ಸೇರಿದರೆ ಒತ್ತಡ ತಾಳದೆ ಗಾಜು ಸಿಡಿಯುತ್ತದೆ. ಎರಡು ಮೂರು ದಿನ ಅಂಕಿ ಅಲ್ಲಾಡದೆ ನಿಂತ ಮೇಲೆಯೇ ತುಂಬಿ.

ದುಡ್ಡು ಇದೆಯಾ? ಹಾಗಾದರೆ ಹಳೇ ಫ್ರಿಜ್ಜು, ಅದಕ್ಕೊಂದು ತಾಪಮಾನ ಕಂಟ್ರೋಲರ್ ತಗೊಳ್ಳಿ. ಮಾಮೂಲಿ ಏಲ್ (ಕೋಣೆಯ ಶಾಖದ ಹತ್ತಿರ ಹುದುಗುವ ಬಿಯರ್) ಯೀಸ್ಟ್‌ಗೆ 18ರಿಂದ 20 ಡಿಗ್ರಿ ಹಿತ. ಹುದುಗುವಾಗ ಅದೇ ಬಿಸಿ ಹುಟ್ಟಿಸುತ್ತದೆ, ಹಾಗಾಗಿ ಬಕೆಟ್ಟಿನ ಒಳಗೆ ಕೋಣೆಗಿಂತ ಕೆಲವು ಡಿಗ್ರಿ ಜಾಸ್ತಿಯೇ ಇರುತ್ತದೆ. ಶಾಖ ಏರಿದರೆ ಫ್ಯೂಸೆಲ್ ಆಲ್ಕೋಹಾಲ್ ಹೆಚ್ಚಿ ಗಂಟಲು ಸುಡುವ ಹಾಗಿನ ರುಚಿ ಬರುತ್ತದೆ. ಆಮೇಲೆ ಏನು ಮಾಡಿದರೂ ಅದು ಹೋಗುವುದಿಲ್ಲ. ಫ್ರಿಜ್ಜಿಗೆ ಜಾಗ ಇಲ್ಲದವರು ಬಕೆಟ್ಟನ್ನು ನೀರಿನ ಟಬ್ಬಿನಲ್ಲಿ ನಿಲ್ಲಿಸಿ, ಐಸ್ ಕಟ್ಟಿದ ಬಾಟಲಿಗಳನ್ನು ಬದಲಾಯಿಸುತ್ತಾ ಇರಿ. ಅದೂ ಚೆನ್ನಾಗಿಯೇ ನಡೆಯುತ್ತದೆ. ಲಾಗರ್ ಅನ್ನುವ ಇನ್ನೊಂದು ಬಗೆಯ ಬಿಯರ್‌ನ ಆಸೆ ಸದ್ಯಕ್ಕೆ ಬಿಡಿ, ಅದಕ್ಕೆ ಇನ್ನೂ ತಂಪು ಬೇಕು.

ಮೊದಲ ಬಾರಿಗೆ ಗಾಜಿನ ಬಾಟಲಿಯೂ ಬೇಡ. ಕಂದು ಬಣ್ಣದ ಪೆಟ್ ಬಾಟಲಿ ಕೊಳ್ಳಿ. ಬಣ್ಣ ಕಂದಾದ್ದರಿಂದ ಬೆಳಕಿಗೆ ಬಿಯರ್ ಬೇಗ ಕೆಡುವುದಿಲ್ಲ. ದಿನಾ ಒಂದನ್ನು ಕೈಯಲ್ಲಿ ಹಿಚುಕಿ ನೋಡಿದರೆ ಗ್ಯಾಸ್ ಎಷ್ಟು ತುಂಬಿದೆ ಅಂತ ತಿಳಿಯುತ್ತದೆ. ಗಟ್ಟಿಯಾದ ಮೇಲೂ ಒಂದು ವಾರ ಸುಮ್ನೆ ಬಿಟ್ಟು, ಆಮೇಲೆ ತಣ್ಣಗೆ ಮಾಡಿ ತೆಗೆಯಿರಿ.