ಬಿಳಿ ಮಾತ್ರೆ, ಗುಲಾಬಿ ಮಾತ್ರೆ

ಶೇಕಡ 20ರ ರಿಯಾಯಿತಿಗೆ ಮರುಳಾಗಿ, ಶಿವಮೊಗ್ಗದಲ್ಲಿರುವ ಅಪ್ಪನ ಮಾತ್ರೆಗಳನ್ನು ಬೆಂಗಳೂರಿನಲ್ಲಿ ಕುಳಿತು ಮೊಬೈಲಿನಲ್ಲೇ ತರಿಸುವ ಉಸಾಬರಿಯನ್ನು ಮೈಮೇಲೆ ಎಳೆದುಕೊಂಡೆ. ಶುಗರ್, ಬಿಪಿ, ರಕ್ತ ಹೆಪ್ಪುಗಟ್ಟದಿರಲು ಆಸ್ಪಿರಿನ್. ಯಾವುದಕ್ಕೂ ಭೇದಭಾವ ಬೇಡವೆಂದು ಎಲ್ಲಕ್ಕೂ ಆರಾರು ಸ್ಟ್ರಿಪ್ ಒತ್ತಿದೆ.

ಸ್ಟ್ರಿಪ್‌ಗಳಿಗೆ ಸಮಾನತೆಯಲ್ಲಿ ನಂಬಿಕೆಯಿಲ್ಲ. ಶುಗರಿನ ಮೆಟ್‌ಫಾರ್ಮಿನ್ ಸ್ಟ್ರಿಪ್‌ನಲ್ಲಿ 15, ಅದೂ ದಿನಕ್ಕೆರಡು. ಬಿಪಿಯ ಆಮ್ಲೋಡಿಪಿನ್‌ನಲ್ಲಿ 10. ಆಸ್ಪಿರಿನ್‌ನಲ್ಲಿ 14, ಆ ಕಂಪನಿಯವರು ವಾರದ ಲೆಕ್ಕದವರು. ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಅಪ್ಪ, ಪೊಟ್ಟಣ ಬಿಚ್ಚಿದ ಹತ್ತೇ ನಿಮಿಷಕ್ಕೆ ಫೋನು ಮಾಡಿದರು: "ಶುಗರಿನದು 45 ದಿನಕ್ಕೆ, ಬಿಪಿಯದು 60ಕ್ಕೆ, ಆಸ್ಪಿರಿನ್ 84ಕ್ಕೆ ಮುಗಿಯುತ್ತದೆ. ನಾನು ಯಾವ ಲೆಕ್ಕದ ಮೇಲೆ ಬದುಕಿರಬೇಕು?"

ಆ ಪೊಟ್ಟಣ ಕೈ ಸೇರಿದ್ದೂ ಸುಲಭದಲ್ಲಲ್ಲ. ತಂದ ಹುಡುಗ ಗೇಟಿನಲ್ಲಿ ನಿಂತು ಓಟಿಪಿ ಕೇಳಿದ. ಅದು ಬಂದಿದ್ದು ನನ್ನ ಮೊಬೈಲಿಗೆ, ನಾನಿದ್ದದ್ದು ಮೀಟಿಂಗಿನಲ್ಲಿ. ಹೊರಬಂದು ನೋಡಿದರೆ ಅಪ್ಪನ ಏಳು ಕರೆಗಳು. ಅಷ್ಟರಲ್ಲಿ ಹುಡುಗ ಒಳಗೆ ಕುಳಿತು ಕಾಫಿ ಮುಗಿಸಿ, ತನ್ನ ಅಜ್ಜಿಗೂ ಶುಗರ್ ಇರುವ ಸಂಗತಿಯನ್ನು ಹೇಳಿಯಾಗಿತ್ತು.

ನಿಜವಾದ ಪೇಚು ಮಾರನೆಯ ಬೆಳಿಗ್ಗೆ. ಚೀಟಿಯಲ್ಲಿರುವ ಕಂಪನಿಯದು ಸಿಗುತ್ತಿಲ್ಲ, ಬೇರೆಯದು ಆಗಬಹುದೇ ಎಂದು ಆ್ಯಪ್ ಕೇಳಿದ್ದಾಗ ನಾನು ಓದದೆಯೇ ಹೂಂಗುಟ್ಟಿದ್ದೆ.

"ನನ್ನ ಬಿಪಿ ಮಾತ್ರೆ ಬಿಳಿ, ದುಂಡಗೆ. ಇದು ಗುಲಾಬಿ. ಉದ್ದಕ್ಕೆ ತೊಂಡೆಕಾಯಿಯ ಹಾಗಿದೆ."

"ಒಳಗಿರುವುದು ಅದೇ ಆಮ್ಲೋಡಿಪಿನ್ ಅಪ್ಪ, ಅದೇ 5 ಮಿಲಿಗ್ರಾಂ. ಕಂಪನಿ ಬೇರೆ, ಅಷ್ಟೆ."

"ನಿನ್ನ ಹೆಸರಿನವನೇ ಇನ್ನೊಬ್ಬ ಮನೆಗೆ ಬಂದರೆ ಊಟ ಹಾಕಿಯೇನು. ಮಗ ಎನ್ನುತ್ತೇನೆಯೇ?"

ವಾದ ಮಾಡಿ ಅವರ ಬಿಪಿ ಏರಿಸುವುದು ಬೇಡವೆಂದು ಸುಮ್ಮನಾದೆ. ನನ್ನದೂ ಏರುತ್ತಿತ್ತು.

ಸಂಜೆ ಮತ್ತೆ ಅವರದೇ ಫೋನು. ಗುಲಾಬಿ ಸ್ಟ್ರಿಪ್ ಹಿಡಿದುಕೊಂಡು ಆಟೋದಲ್ಲಿ ತಮ್ಮ ಹಳೆಯ ಮೆಡಿಕಲ್ ಶಾಪ್‌ಗೆ ಹೋಗಿದ್ದರಂತೆ. ಸ್ಟ್ರಿಪ್ಪನ್ನು ಕತ್ತರಿಯಿಂದ ಕತ್ತರಿಸಿ, ಬೇಕಾದಷ್ಟೇ ಮಾತ್ರೆ ಕಾಗದದ ಕವರಿಗೆ ಹಾಕಿ, ಮೇಲೆ ಬೆಳಿಗ್ಗೆ, ರಾತ್ರಿ ಎಂದು ಬಾಲ್‌ಪೆನ್ನಿನಲ್ಲಿ ಬರೆದುಕೊಡುವ ಅಂಗಡಿ ಅದು.

"ಅವರೂ ತಿರುಗಿಸಿ ನೋಡಿದರು. ಅದೇ ಔಷಧಿಯಂತೆ. ಧಾರಾಳವಾಗಿ ನುಂಗಿ ಎಂದರು."

"ನುಂಗಿದಿರಾ?"

"ಅಷ್ಟು ಹೊತ್ತು ವಿಚಾರಿಸಿ ಬರಿಗೈಯಲ್ಲಿ ಬರುವುದು ಚೆನ್ನಾಗಿರುತ್ತದೆಯೇ? ಬಿಳಿಯದನ್ನೇ ಆರು ಸ್ಟ್ರಿಪ್ ತಂದೆ." ಸ್ವಲ್ಪ ತಡೆದು ಸೇರಿಸಿದರು: "ಗುಲಾಬಿಯದನ್ನು ನಿನಗೆಂದು ತೆಗೆದಿಟ್ಟಿದ್ದೇನೆ. ನಿನಗೂ ನಲವತ್ತೈದಾಯಿತಲ್ಲ."