ದೇವರ ಭಯವಿಲ್ಲದೆ ನೀತಿ ನಿಲ್ಲುತ್ತದೆಯೇ?

ಪರ

ನಮ್ಮ ತಂದೆ ಮೂವತ್ತು ವರ್ಷ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿದರು. ಒಣಗಿದ ಕಾಯಿಗೆ ರಾತ್ರಿ ನೀರು ಚಿಮುಕಿಸಿಟ್ಟರೆ ಬೆಳಿಗ್ಗೆ ತೂಕವೂ ಏರುತ್ತದೆ, ಸುಕ್ಕುಗಟ್ಟಿದ ಸಿಪ್ಪೆಗೆ ಹೊಳಪೂ ಬರುತ್ತದೆ. ಒಳಗೆ ಬೂಷ್ಟು ಹಿಡಿಯುವ ಹೊತ್ತಿಗೆ ಚೀಲ ಊರು ದಾಟಿರುತ್ತದೆ. ಅಕ್ಕನ ಮದುವೆಯ ಸಾಲ ಕೊರಳಿಗೆ ಬಂದಿದ್ದ ವರ್ಷ ಗೋದಾಮಿನಲ್ಲಿ ಅರವತ್ತು ಚೀಲ ಡಬ್ಬಿ ತಳಿಯ ಮೆಣಸಿನಕಾಯಿ ಇತ್ತು. ಹಮಾಲರೆಲ್ಲ ಮನೆಗೆ ಹೋದ ಮೇಲೆ ಹದಿನಾಲ್ಕು ವರ್ಷದ ನಾನೇ ಕೊಡ ತುಂಬಿ ತಂದು ಅವರ ಮುಂದಿಟ್ಟೆ. ತಂದೆ ಅದನ್ನೆತ್ತಿಕೊಂಡು ಹೋಗಿ ಹೊರಗಿನ ಬೇವಿನ ಬುಡಕ್ಕೆ ಸುರಿದು ಬಂದು, ‘ಅಜ್ಜ ನೋಡಾಕತ್ತಾನ’ ಎಂದಷ್ಟೇ ಹೇಳಿ ಚಿಲಕ ಹಾಕಿದರು. ಅಜ್ಜ ಎಂದರೆ ಹುಬ್ಬಳ್ಳಿಯ ಸಿದ್ಧಾರೂಢರು. ತಂದೆ ಹುಟ್ಟುವ ಮೊದಲೇ, 1929ರಲ್ಲಿ, ಸಮಾಧಿಸ್ಥರಾದವರು.

ಆ ರಾತ್ರಿ ಅಲ್ಲಿ ಪೊಲೀಸರಿರಲಿಲ್ಲ, ನೆರೆಯವರಿರಲಿಲ್ಲ, ಕೊಳ್ಳುವವನಂತೂ ಇರಲೇ ಇಲ್ಲ. ಕಾನೂನು, ರಸೀದಿ, ಊರವರ ಮಾತು, ಈಗಿನ ಕ್ಯಾಮೆರಾ, ಇವೆಲ್ಲ ಕಣ್ಣು ಮುಟ್ಟುವಷ್ಟು ದೂರ ಮಾತ್ರ ಕೆಲಸ ಮಾಡುತ್ತವೆ; ಅದರಾಚೆ ಮನುಷ್ಯನ ಕೈ ಹಿಡಿಯುವುದು ನಂಬಿಕೆಯೊಂದೇ ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಪೂಜೆ ಮಾಡುವವರೂ ಮೋಸ ಮಾಡುವುದಿಲ್ಲವೇ ಎಂದು ಕೇಳುವವರಿದ್ದಾರೆ. ಹಾಗೆ ಮಾಡುವವರು ಹಣೆಗೆ ವಿಭೂತಿ ಬಳಿದುಕೊಂಡವರೇ ಹೊರತು ನಂಬಿದವರಲ್ಲ. ಅವರ ಪಾಪವನ್ನು ನನ್ನ ತಂದೆಯ ಖಾತೆಗೆ ಬರೆಯುವುದು ನ್ಯಾಯವಲ್ಲ. ಪುಣ್ಯದ ಆಸೆಗೆ ಮಾಡಿದ ಒಳ್ಳೆಯತನ ಬರೀ ವ್ಯಾಪಾರವೆಂದು ಮೂಗು ಮುರಿಯುವವರಿಗೆ ನಾನು ಹೇಳುವುದಿಷ್ಟೆ: ಅರವತ್ತು ಚೀಲವೂ ಒಣಗಿಯೇ ತಕ್ಕಡಿಗೆ ಏರಿದವು, ಮದುವೆಯ ಸಾಲ ತೀರಲು ಇನ್ನೂ ನಾಲ್ಕು ವರ್ಷ ಹಿಡಿಯಿತು, ಆ ನಾಲ್ಕು ವರ್ಷದಲ್ಲಿ ತಂದೆ ಒಮ್ಮೆಯೂ ಆ ರಾತ್ರಿಯ ಬಗ್ಗೆ ಹಳಹಳಿಸಲಿಲ್ಲ.

ವಿರೋಧ

ಈ ಪಕ್ಷ ವಹಿಸಬೇಕೆಂದು ನನ್ನನ್ನು ಕೇಳಲಾಯಿತು. ಶ್ರಾವಣ ಸೋಮವಾರ ತಪ್ಪದೆ ಮಠಕ್ಕೆ ಹೋಗುವ ನಾನು ಇದು ಪೂರ್ತಿ ನನ್ನ ಮಾತೆಂದು ಹೇಳಲಾರೆ; ಆದರೂ ಕೆಲವು ಸಂಗತಿಗಳನ್ನು ಅಲ್ಲಗಳೆಯಲು ಬರುವುದಿಲ್ಲ.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ರೈತರಿಗೆ ಸಾಲ ಕೊಡುವ ಕೃಷಿ ಸಹಕಾರಿ ಸಂಘ ಕಟ್ಟಿದರು. ಹಿಂದಿನ ವರ್ಷವಷ್ಟೇ ಬಂದಿದ್ದ ಕಾಯ್ದೆಯ ಪ್ರಕಾರ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಒಬ್ಬ ಸಾಲ ಮುಳುಗಿಸಿದರೆ ಉಳಿದವರ ಹೊಲಕ್ಕೆ ಕುತ್ತು. ಅಲ್ಲಿ ರೈತನನ್ನು ಪ್ರಾಮಾಣಿಕನನ್ನಾಗಿ ಇಟ್ಟದ್ದು ಸ್ವರ್ಗದ ಆಸೆಯಲ್ಲ, ಪಕ್ಕದ ಹೊಲದವನ ಮುಖ ನಾಳೆ ನೋಡಬೇಕೆಂಬ ಅರಿವು. ದೇವರು ಹೊಡೆಯುತ್ತಾನೆಂಬ ಒಂದೇ ಕಾರಣಕ್ಕೆ ಕದಿಯದೆ ಇರುವವನಿಗೆ ಮನೆಯ ಕೀಲಿ ಕೊಟ್ಟು ಜಾತ್ರೆಗೆ ಹೋಗಲು ನನಗಂತೂ ಧೈರ್ಯ ಬಾರದು.

ಬಸವಣ್ಣನವರು ಆಚಾರವನ್ನೇ ಸ್ವರ್ಗವೆಂದರು, ಆಚೆಗೆಲ್ಲೋ ಕಾದಿರುವ ಬಹುಮಾನವೆನ್ನಲಿಲ್ಲ. ಅತ್ತಿಮಬ್ಬೆ ಬಸದಿ ಕಟ್ಟಿಸಿದ ಲಕ್ಕುಂಡಿಯ ಜೈನರಿಗೆ ಸೃಷ್ಟಿಕರ್ತನೆಂಬ ದೇವರೇ ಇರಲಿಲ್ಲ, ಆದರೂ ಇರುವೆಯ ಜೀವಕ್ಕೂ ಮರುಗಿದರು. ಕರ್ಮಫಲದ ನಂಬಿಕೆ ಅವರಲ್ಲೂ ಗಟ್ಟಿಯಾಗಿತ್ತು ಎಂಬುದನ್ನು ಮಾತ್ರ ನಾನು ಮುಚ್ಚಿಡುವುದಿಲ್ಲ.