ಫಕ್ತ ಪೇಶಂಟಿನ ಕೆಲಸ

ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ಒಂದು ಶಿಬಿರ. 'ನಿಮ್ಮ ಪರ ನೀವೇ ಮಾತಾಡಲು ಕಲಿಯಿರಿ. ಬೆಳಗ್ಗೆ 10ರಿಂದ ಸಂಜೆ 5. ಮಾಟುಂಗಾ, ಮೂರನೇ ಮಹಡಿ, ಲಿಫ್ಟ್ ಇಲ್ಲ. ದಯವಿಟ್ಟು ಪೇಶಂಟನ್ನು ಕರೆತರಬೇಡಿ.' ಈ ವಾಟ್ಸಾಪ್ ಬಂದಾಗ ನಾನು ಮುಂಬಯಿ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ಅತ್ತೆಯ ಡೈಪರ್ ಬದಲಿಸುತ್ತಿದ್ದೆ. ಒಂದು ಕೈ ಖಾಲಿಯಿತ್ತು. ಹೆಸರು ಕೊಟ್ಟುಬಿಟ್ಟೆ.

ಅವತ್ತು ಅತ್ತೆಯನ್ನು ನೋಡುವವರು ಯಾರು? ನಾದಿನಿ ಹತ್ತಿರದ ಥಾಣೆ ಊರಲ್ಲೇ ಇದ್ದಾಳೆ. 'ಅತ್ತಿಗೆ, ಅಮ್ಮನ ಮಗ್ಗುಲು ಬದಲಿಸಿದಿರಾ?' ಎಂದು ದಿನಾ ಫೋನ್ ಮಾಡುವಷ್ಟು ಪ್ರೀತಿ. ಶನಿವಾರ ಬಾ ಎಂದರೆ ಮಾತ್ರ ಸೊಂಟನೋವು. ಕೊನೆಗೆ ಆಯಾಗಳನ್ನು ಕಳಿಸುವ ಬ್ಯೂರೋದಿಂದ ಒಬ್ಬ ಮಾವಶಿಯನ್ನು (ಇಲ್ಲಿ ಆಯಾಗಳನ್ನು ಕರೆಯುವುದೇ ಹೀಗೆ) ಕರೆಸಿದೆ. 12 ಗಂಟೆಗೆ 900 ರೂಪಾಯಿ. ಅದೇ ಹಾಸಿಗೆ, ಅದೇ ಅತ್ತೆ, ಅದೇ ಗಂಜಿ. ನಾನು ಮಾಡಿದರೆ ಕರ್ತವ್ಯ, ಅವಳು ಮಾಡಿದರೆ 900.

ಮಾವಶಿ ಬಾಗಿಲಲ್ಲೇ ನಿಂತು ಹೇಳಿದಳು: 'ಫಕ್ತ ಪೇಶಂಟಿನ ಕೆಲಸ. ಪಾತ್ರೆ ತೊಳೆಯಲ್ಲ, ಅಡುಗೆ ಮಾಡಲ್ಲ. ಚಹಾ ಎರಡು ಸಲ. ಲೇಟಾದರೆ ಗಂಟೆಗೆ 100.' ಮದುವೆಯಾಗಿ 22 ವರ್ಷದಲ್ಲಿ ನನ್ನ ಬಾಯಿಂದ ಹೊರಡದ ಮಾತನ್ನು ಅವಳು ಚಪ್ಪಲಿ ಬಿಡುವಷ್ಟರಲ್ಲಿ ಹೇಳಿ ಮುಗಿಸಿದಳು. ಅಲ್ಲಿಗೇ ಶಿಬಿರ ಮುಗಿದಿತ್ತು ಅನ್ನಿ. ಆದರೂ ಹೋದೆ.

ಮಾಟುಂಗಾ ಸ್ಟೇಷನ್ನನ್ನು 2017ರಲ್ಲಿ ಪೂರ್ತಿ ಹೆಂಗಸರ ಕೈಗೇ ಕೊಟ್ಟರು, ಗೊತ್ತಲ್ಲ. ಸಂಬಳ ಉಂಟು, ವಾರದ ರಜೆ ಉಂಟು. ಪುಣ್ಯಕ್ಕೆ ಯಾರೂ ಅವರಿಗೆ 'ಸ್ಟೇಷನ್ ನಿಮ್ಮ ತಾಯಿ ಇದ್ದ ಹಾಗೆ' ಎಂದು ಹೇಳಿಲ್ಲ.

ಮೂರು ಮಹಡಿ ಹತ್ತಿದ ಮೇಲೆ ಒಂದು ಫಾರ್ಮು. ಉದ್ಯೋಗ: ನೌಕರಿ, ವ್ಯಾಪಾರ, ನಿವೃತ್ತಿ, ಇಲ್ಲ. ಆರೈಕೆ ಮಾಡುವವರ ಶಿಬಿರದಲ್ಲೂ ನಾನು 'ಇಲ್ಲ'ಕ್ಕೇ ಗುರುತು ಹಾಕಬೇಕಾಯಿತು. ಇದು ಇವರ ತಪ್ಪೂ ಅಲ್ಲ. 2001ರ ಜನಗಣತಿ ಮನೆವಾರ್ತೆ ನೋಡುವವರನ್ನು ಭಿಕ್ಷುಕರು, ಕೈದಿಗಳ ಜೊತೆಗೇ 'ಕೆಲಸ ಮಾಡದವರು' ಎಂದು ಕೂರಿಸಿತ್ತು. 2010ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಬೇಸರಪಟ್ಟಿತು. ಯಾವ ಕೇಸಿನಲ್ಲಿ ಅಂತೀರಿ? ರಸ್ತೆ ಅಪಘಾತದಲ್ಲಿ ತೀರಿಕೊಂಡ ಗೃಹಿಣಿಯ ಪರಿಹಾರದ ಕೇಸಿನಲ್ಲಿ. ನಮ್ಮ ಕೆಲಸಕ್ಕೂ ಬೆಲೆ ಕಟ್ಟುತ್ತಾರೆ, ಸ್ವಲ್ಪ ಸಾಯಬೇಕು ಅಷ್ಟೇ. ಇನ್ನು ಹಿರಿಯರನ್ನು ಬೀದಿಪಾಲು ಮಾಡಿದರೆ 2007ರ ಕಾಯ್ದೆಯಂತೆ ಮೂರು ತಿಂಗಳವರೆಗೆ ಜೈಲು. ನೋಡಿಕೊಂಡರೆ ಒಂದು ದಿನದ ರಜೆಯೂ ಇಲ್ಲ.

ಹಾಲ್ ತುಂಬಿತ್ತು. ಪದಾಧಿಕಾರಿಗಳು, ಅವರ ಮನೆಯವರು, ಫೋಟೋದವರು. ನಿಜವಾಗಿ ಆರೈಕೆ ಮಾಡುವವರು ನಾವು ಮೂವರು. ಉಳಿದವರು ಆರೈಕೆ ಮಾಡುತ್ತಿದ್ದರು, ಹಾಗಾಗಿ ಬಂದಿರಲಿಲ್ಲ.

'ಇಲ್ಲ ಅನ್ನಲು ಕಲಿಯಿರಿ,' ಎಂದರು ಭಾಷಣಕಾರರು. ಯಾರಿಗೆ? ಅತ್ತೆ ಬೆಡ್‌ಪ್ಯಾನ್ ಕೇಳಿದಾಗಲೇ? ಪಕ್ಕದವರು ಇದನ್ನೇ ಕೇಳಲು ಕೈ ಎತ್ತಿದರು. ಪ್ರಶ್ನೆಗಳೆಲ್ಲ ಕೊನೆಗೆ ಎಂದರು. ಮುಖ್ಯ ಅತಿಥಿಗಳು ಒಂದೂವರೆ ಗಂಟೆ ತಡವಾಗಿ ಬಂದದ್ದರಿಂದ, ನಾವು ನಮ್ಮ ಪರ ಮಾತಾಡಬೇಕಿದ್ದ ಆ ಕೊನೆಯನ್ನೇ ಕೈಬಿಟ್ಟರು. ಬದಲಿಗೆ 'ತ್ಯಾಗಮಯಿ' ಎಂದು ಕರೆದು ಶಾಲು ಹೊದಿಸಿ, ಕೈಗೊಂದು ತೆಂಗಿನಕಾಯಿ ಕೊಟ್ಟರು. ಲೋಕಲ್ ರೈಲಿನ ನೂಕುನುಗ್ಗಲಲ್ಲಿ ಆ ಕಾಯಿ ಹಿಡಿದು ನಿಂತಿದ್ದೇನಲ್ಲ, ಅದೇ ನಿಜವಾದ ತ್ಯಾಗ.

ಮನೆ ಮುಟ್ಟುವಾಗ ಒಂದು ಗಂಟೆ ಲೇಟು. ಮಾವಶಿ 1000 ರೂಪಾಯಿ ಎಣಿಸಿಕೊಂಡು ಹೊರಟಳು. ಶಾಲನ್ನು ಅತ್ತೆಯ ಕಾಲಿಗೆ ಹೊದಿಸಿದೆ. ಬೆಚ್ಚಗಿದೆ ಎಂದರು.

ರಾತ್ರಿ ಯಜಮಾನರು ಸೋಫಾದಿಂದಲೇ ಕೇಳಿದರು, 'ಏನು ಕಲಿಸಿದರೇ ಅಲ್ಲಿ?'

ಸೊಂಟಕ್ಕೆ ಕೈಯಿಟ್ಟು ನಿಂತೆ. 'ಫಕ್ತ ಪೇಶಂಟಿನ ಕೆಲಸ. ಪಾತ್ರೆ ತೊಳೆಯಲ್ಲ, ಅಡುಗೆ ಮಾಡಲ್ಲ.'

ಅವರು ತುಂಬ ಹೊತ್ತು ಯೋಚಿಸಿದರು. ಆಮೇಲೆ ಮೆಲ್ಲಗೆ ಕೆಮ್ಮಿ, 'ನನಗೂ ಯಾಕೋ ಹುಷಾರಿಲ್ಲ ಮಾರಾಯ್ತಿ' ಎಂದು ಅಲ್ಲೇ ಮಲಗಿದರು.